ಟೋಪಿಯೊಳಗೆ ನೋಡುತ್ತಿದ್ದ ಉಪಾಧ್ಯಕ್ಷರು

ನಮ್ಮೂರಿನ ಹಾಲಿನ ಡೇರಿಗೆ ಅಧ್ಯಕ್ಷರು ಎಷ್ಟೋ ಮಂದಿ ಬಂದರು, ಹೋದರು. ಉಪಾಧ್ಯಕ್ಷರು ಅಂದರೆ ಮಾತ್ರ ಊರಿಗೆ ನೆನಪಾಗುವುದು ಒಬ್ಬರೇ. ನಾಲ್ಕು ಸಲ ಆ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಬಿಟ್ಟ ಮೇಲೂ ಆ ಹೆಸರು ಅವರನ್ನು ಬಿಡಲಿಲ್ಲ. ಅವರ ಮನೆ ಉಪಾಧ್ಯಕ್ಷರ ಮನೆ, ಅವರ ಆಕಳು ಉಪಾಧ್ಯಕ್ಷರ ಆಕಳು, ಬಾಗಿಲಲ್ಲಿ ಬಿದ್ದುಕೊಂಡು ಬೊಗಳುವುದಕ್ಕೂ ಬೇಸರಪಡುವ ನಾಯಿ ಉಪಾಧ್ಯಕ್ಷರ ನಾಯಿ. ನಾನು ಕಾಕಾ ಅನ್ನುತ್ತಿದ್ದೆ. ಅವರು ತೀರಿಕೊಂಡು ತಿಂಗಳಾಗುತ್ತ ಬಂತು. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ "ನನ್ನ ಹೆಸರ ಯಾಕವ್ವಾ, ಅಧ್ಯಕ್ಷರ ಹೆಸರ ಬರಿ" ಎಂದು ಎದ್ದು ಬಂದರೂ ಬಂದಾರು.

ಗಿಡ್ಡ ಆಳು. ಮೊಣಕಾಲಿನ ಕೆಳಗೆ ಇಳಿಯದ ಧೋತರ, ತೊಳೆದು ತೊಳೆದು ತೆಳುವಾದ ಬಿಳಿ ಟೋಪಿ. ಅವರ ಬಾಯಲ್ಲಿ 'ಇಲ್ಲ' ಎಂಬ ಮಾತು ಹುಟ್ಟಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಒಪ್ಪಿಗೆಯಾಗದ ಮಾತು ಕಿವಿಗೆ ಬಿದ್ದರೆ ಟೋಪಿ ತೆಗೆದು, ಅದರೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ಇಣುಕಿ ನೋಡಿ, ಮತ್ತೆ ತಲೆಗೆ ಇಟ್ಟುಕೊಳ್ಳುತ್ತಿದ್ದರು. ಬಲ್ಲವರು ಅರ್ಥ ಮಾಡಿಕೊಳ್ಳುತ್ತಿದ್ದರು. ಅರಿಯದವರು ಪಾಪ, ಹೇನು ಕಡಿಯುತ್ತಿರಬೇಕು ಅಂದುಕೊಳ್ಳುತ್ತಿದ್ದರು.

ಆದರೆ ಮನುಷ್ಯರನ್ನು ತೂಗುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಹಾನಗಲ್ಲ ಸೀಮೆಯಲ್ಲೇ ಇರಲಿಲ್ಲ ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ಎತ್ತಿಗೆ ಜೋಡಿ ಎತ್ತು ನೋಡುವುದಕ್ಕೆ, ಮಗಳಿಗೆ ಗಂಡು ನೋಡುವುದಕ್ಕೆ, ಅಕ್ಕಿಆಲೂರಿನ ಸಂತೆಯಲ್ಲಿ ಇಬ್ಬರು ಕೂಡಿ ಅಂಗಡಿ ಹಾಕುವುದಕ್ಕೆ, ಎಲ್ಲದಕ್ಕೂ ಜನ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಎರಡು ಅಂಗೈಗಳನ್ನು ಮುಂದೆ ಚಾಚಿ ತಕ್ಕಡಿಯ ಹಾಗೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ಮಾತಾಡುತ್ತಿದ್ದರು. ಎಡಗೈ ಕೊರತೆ, ಬಲಗೈ ಗುಣ. ಯಾವಾಗಲೂ ಎಡಗೈ ಮೊದಲು. "ಮೊದಲ ಕೊರತಿ ಹೇಳ್ರಿ. ಗುಣ ತಾವ ಬಂದು ಕುಂದರತಾವ" ಅನ್ನುತ್ತಿದ್ದರು.

ಒಮ್ಮೆ ನಮ್ಮ ಓಣಿಯವರು ಶಿಗ್ಗಾವಿಗೆ ಗಂಡು ನೋಡಲು ಹೋದಾಗ ಕಾಕಾ ಜೊತೆಗಿದ್ದರು. ಹುಡುಗ ಚೆಂದ, ಹೊಲ ಚೆಂದ, ಮನೆ ಅದಕ್ಕಿಂತ ಚೆಂದ. ಕಾಕಾ ಹುಡುಗನಿಗೆ "ಒಂದಿಷ್ಟ ನೀರು ಕೊಡಪಾ" ಅಂದರು. ನೀರಿನ ತಂಬಿಗೆ ಹುಡುಗನಿಂದ ಎರಡು ಮಾರು ದೂರದಲ್ಲಿತ್ತು. ಅವನು ಕೂತಲ್ಲಿಂದಲೇ "ಯವ್ವಾ, ನೀರು" ಎಂದು ಒಳಗೆ ಕೂಗಿದ. ಹಿಟ್ಟು ಮೆತ್ತಿದ ಕೈಯಲ್ಲೇ ತಾಯಿ ಓಡಿ ಬಂದಳು. ಕಾಕಾ ನೀರು ಕುಡಿದು, ಟೋಪಿ ತೆಗೆದು ನೋಡಿದರು. ಸಂಬಂಧ ಅಲ್ಲಿಗೆ ನಿಂತಿತು. ಗಂಡಿನ ಕಡೆಯವರು ಇವತ್ತಿಗೂ ಜಾತಕ ಕೂಡಲಿಲ್ಲ ಅಂತಲೇ ತಿಳಿದಿದ್ದಾರೆ.

ಇಂಥ ಮನುಷ್ಯ ನನಗೆ ಹದಿನೈದು ದಿನ ಪೂರ್ತಿ ಸಿಕ್ಕಿದ್ದರು. ಆ ಹದಿನೈದು ದಿನ ನೆನೆಸಿಕೊಂಡರೆ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ.

ನಾನು ಸವಣೂರಿನವಳು. ಮದುವೆಯಾಗಿ ತಿಳವಳ್ಳಿ ಹತ್ತಿರದ ಈ ಊರಿಗೆ ಬಂದೆ. ನಾಲಿಗೆಯಲ್ಲಿ ತವರಿನ ಖಾರ ಹಾಗೇ ಉಳಿಯಿತು ಅಂತ ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಎರಡು ಆಕಳು ಕಟ್ಟಿದ್ದೆ, ಡೇರಿಗೆ ಹಾಲು ಹಾಕುತ್ತಿದ್ದೆ. ನಮ್ಮ ಡೇರಿಯಲ್ಲಿ ಮುಂಜಾನೆ ಸಂಜೆ ಎರಡೂ ಹೊತ್ತು ಹಾಲು ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಸಂಜೆಯ ಡೇರಿ ಮುಚ್ಚಿತು. ಸಂಜೆ ಹಾಲು ಕಡಿಮೆ, ದೊಡ್ಡ ಕ್ಯಾನು ತುಂಬುವುದಿಲ್ಲ ಅಂತ ಅಧ್ಯಕ್ಷರು ಹೇಳಿದರಂತೆ, ಸಭೆ ಒಪ್ಪಿತಂತೆ. ದೊಡ್ಡ ಹಿಂಡಿನವರಿಗೆ ಏನೂ ಆಗಲಿಲ್ಲ, ಅವರ ಹಾಲಿಗೆ ಹಾನಗಲ್ಲಿನಿಂದ ಗಾಡಿ ಬರುತ್ತಿತ್ತು. ಒಂದೇ ಎಮ್ಮೆ ಇಟ್ಟುಕೊಂಡು ಹಗಲೆಲ್ಲ ಕೂಲಿಗೆ ಹೋಗುವ ಹೆಂಗಸರು ಮಾತ್ರ ಸಂಜೆಯ ಹಾಲು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿನವನ ಮುಂದೆ ನಿಲ್ಲುವ ಹಾಗಾಯಿತು. ಅವನು ಬೇಕಾದರೆ ತೆಗೆದುಕೊಂಡ, ಬೇಡವಾದರೆ ನಾಳೆ ಬಾ ಅಂದ. ಹಾಲಿಗೆ ನಾಳೆ ಅನ್ನುವುದು ಇರುತ್ತದೆಯೇ? ನನಗೆ ಸಿಟ್ಟು ನೆತ್ತಿಗೇರಿತು. ಮುಂದಿನ ಚುನಾವಣೆಯಲ್ಲಿ ನಿರ್ದೇಶಕಿಯಾಗಿ ಆರಿಸಿ ಬಂದೆ. ಬಂದ ದಿನವೇ "ನಾನು ಅಧ್ಯಕ್ಷಿ ಆಗ್ತೇನಿ, ಸಂಜೀ ಡೇರಿ ತೆಗೀತೇನಿ" ಅಂತ ಡೇರಿಯ ಕಟ್ಟೆಯ ಮೇಲೆ ನಿಂತು ಕೂಗಿಬಿಟ್ಟೆ.

ಕೂಗುವುದು ಸುಲಭ. ಅಧ್ಯಕ್ಷರನ್ನು ಆರಿಸುವ ನಿರ್ದೇಶಕರು ಹನ್ನೊಂದು ಜನ, ಗೆಲ್ಲಲು ಆರು ಮತ ಬೇಕು. ಹಳೆಯ ಅಧ್ಯಕ್ಷರು ಮತ್ತೆ ನಿಂತಿದ್ದರು, ಅವರ ಮುಷ್ಟಿಯಲ್ಲಿ ಅವರದೂ ಸೇರಿ ನಾಲ್ಕು. ನನ್ನ ಕಡೆ ನಾನು, ಈ ಸಲವೂ ನಿರ್ದೇಶಕರಾಗಿ ಆರಿಸಿ ಬಂದಿದ್ದ ಕಾಕಾ, ನಮ್ಮ ಓಣಿಯ ಇನ್ನೊಬ್ಬರು. ಉಳಿದ ನಾಲ್ಕು ಮತ ಮೂರು ಮನೆಗಳಲ್ಲಿದ್ದವು: ದೊಡ್ಡ ಹಿಂಡಿನ ಗೌಡರು ಮತ್ತು ಅವರ ಅಳಿಯ, ಈರಣ್ಣ, ಗಂಗವ್ವ. ಆ ಮೂರು ಮನೆಗಳಲ್ಲಿ ಒಂದರಿಂದ ಉಪಾಧ್ಯಕ್ಷರನ್ನು ಆರಿಸಿ ನನ್ನ ಜೋಡಿ ನಿಲ್ಲಿಸಬೇಕು, ಉಳಿದವರು ಸಿಟ್ಟಾಗಬಾರದು. ಯಾರನ್ನು ಆರಿಸಲಿ ಎಂದು ಕಾಕಾನ ಮನೆಗೆ ಓಡಿದೆ.

"ಹಾಲು ಹಿಂಡು ಹೊತ್ತಿನ್ಯಾಗ ಹೋಗೂಣು" ಅಂದರು ಕಾಕಾ. "ಊಟದ ಹೊತ್ತಿನ್ಯಾಗ ಎಲ್ಲಾರೂ ಚಲೋ ಮಂದಿನ. ಹಿಂಡೂ ಹೊತ್ತಿನ್ಯಾಗ ಮನಷ್ಯಾ ಖರೇ ಕಾಣತಾನ. ಕರುವಿಗೆ ಏನ ಬಿಡತಾನ ನೋಡಬೇಕು."

ನಮ್ಮ ಕಡೆ ಹಿಂಡುವಾಗ ಒಂದು ಮೊಲೆ ಕರುವಿಗೆ ಬಿಡುವ ರೂಢಿ. ಎಲ್ಲರೂ ಬಿಡುತ್ತೇವೆ ಅನ್ನುತ್ತಾರೆ. ಎಷ್ಟು ಜನ ಬಿಡುತ್ತಾರೆ ಅನ್ನುವುದು ಕರುವಿಗಷ್ಟೇ ಗೊತ್ತು.

ಮೊದಲು ಗೌಡರ ಮನೆ. ಹನ್ನೆರಡು ಆಕಳ ಕೊಟ್ಟಿಗೆ, ಹಿಂಡುವುದಕ್ಕೆ ಯಂತ್ರ, ನೆಲ ನಮ್ಮ ಅಡುಗೆಮನೆಗಿಂತ ಸ್ವಚ್ಛ. ನಾನು ಬೆರಗಾಗಿ ಬಾಯಿ ಬಿಟ್ಟುಕೊಂಡು ನಿಂತೆ. ಕಾಕಾ ಮೂಲೆಯಲ್ಲಿ ಕಟ್ಟಿದ ಕರುಗಳ ಹತ್ತಿರ ಹೋಗಿ ನಿಂತರು.

"ಕರುವಿಗೆ ಏನ ಬಿಡ್ತೀರಿ ಗೌಡ್ರ?"

"ಅವಕ್ಕ ಪುಡಿ ಕಲಸಿ ಕೊಡ್ತೇವ್ರಿ. ಈಗ ಯಾರ ಬಿಡತಾರ ಮೊಲಿ?" ಗೌಡರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಡೇರಿಗೆ ಹೊಸ ಕಟ್ಟಡ ಎಲ್ಲಿ ಕಟ್ಟಬೇಕು, ಸೆಕ್ರೆಟರಿಯನ್ನು ಎಲ್ಲಿ ಕೂರಿಸಬೇಕು, ಅಧ್ಯಕ್ಷರ ಕೋಣೆಗೆ ಯಾವ ಬಣ್ಣ ಬಳಿಯಬೇಕು, ಎಲ್ಲವನ್ನೂ ಹೇಳಿದರು. ಅಧ್ಯಕ್ಷೆ ಆಗಲು ಹೊರಟವಳು ನಾನು ಎಂಬುದು ಅವರಿಗೆ ಮರೆತೇ ಹೋಗಿತ್ತು. ನನಗೂ ಮರೆಯುವ ಹಾಗೆ ಮಾತಾಡಿದರು.

ಹೊರಡುವಾಗ ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ನನ್ನನ್ನು ಒಳಗೆ ಕರೆದು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಹಸಿರು ಖಣ. ನನ್ನವ್ವ ಹೋದ ಮೇಲೆ ಸವಣೂರಿನಲ್ಲಿ ನನಗೆ ಉಡಿ ತುಂಬುವವರಿರಲಿಲ್ಲ. ಕಣ್ಣು ತುಂಬಿ ಬಂತು, ಸೆರಗು ಚಾಚಿದೆ. ಪಡಸಾಲೆಯಲ್ಲಿ ಕಾಕಾ ಟೋಪಿ ತೆಗೆದು ನೋಡುತ್ತಿದ್ದುದು ಕಂಡರೂ ತಲೆಗೆ ಹೋಗಲಿಲ್ಲ. ಬಾಗಿಲಲ್ಲಿ ಗೌಡರು ಕೈ ಮುಗಿದು ನಕ್ಕರು. "ಇನ್ನ ನೀವು ನಮ್ಮನಿ ಮಗಳ ಆದ್ರಿ. ತಂಗಿ ಅಧ್ಯಕ್ಷಿ ಆದ್ರ ಅಣ್ಣ ಉಪಾಧ್ಯಕ್ಷ ಆಗಬೇಕಲ್ರಿ." ಆಗ ನನಗೆ ಹೊಳೆಯಿತು. ಉಡಿ ತುಂಬಿಸಿಕೊಂಡ ಮನೆ ತವರು. ತವರಿನ ಮಾತು ಮೀರುವುದು ಹೇಗೆ?

ಅಲ್ಲಿಗಾದರೂ ಬುದ್ಧಿ ಬರಬೇಕೋ ಬೇಡವೋ? ಅಲ್ಲಿಂದ ಈರಣ್ಣನ ಮನೆಗೆ ಹೋದೆವು. ಈರಣ್ಣ ಒಳ್ಳೆಯ ಹುಡುಗ, ಓದಿದವನು, ಮಾತು ಬೆಣ್ಣೆ. ಕರುವಿಗೆ ಒಂದಲ್ಲ, ಒಂದೂವರೆ ಮೊಲೆ ಬಿಟ್ಟ. ನಾವು ಕೂತಿರುವಾಗಲೇ ಪಕ್ಕದ ಮನೆಯವರು ಬಂದು, ಸಂಜೆಯ ಡೇರಿ ಬೇಡವೇ ಬೇಡ ಅಂದರು. "ಅದೂ ಖರೇನ್ರಿ" ಅಂದ. ನಾನು ಬೇಕೇ ಬೇಕು ಅಂದೆ. "ನೀವು ಅನ್ನೂದೂ ಖರೇನ್ರಿ ಅಕ್ಕಾರ" ಅಂದ. ಅಷ್ಟರಲ್ಲಿ ಅವನ ಹೆಂಡತಿ "ನಮ್ಮನೀಗೆ ಮೊದಲನೇ ಸಲ ಬಂದೀರಿ, ಹಂಗ ಕಳಸಾಕ ಬರತೈತೇನ್ರಿ" ಎಂದು ತಟ್ಟೆ ತಂದೇಬಿಟ್ಟಳು. ಮನೆಯ ಹೆಣ್ಣುಮಗಳು ಉಡಿ ತುಂಬಲು ಬಂದಾಗ ಬೇಡ ಅನ್ನುವುದು ನಮ್ಮಲ್ಲಿಲ್ಲ. ಅಲ್ಲೂ ಸೆರಗು ಚಾಚಿದೆ.

ಎರಡು ಮನೆಯ ಅಕ್ಕಿ, ಎರಡು ಮನೆಯ ಕೊಬ್ಬರಿ, ಸೊಂಟಕ್ಕೆ ಕಟ್ಟಿಕೊಂಡ ಸೆರಗು ಜಗ್ಗುತ್ತಿತ್ತು. ಬಸುರಿಯ ಹಾಗೆ ನಡೆಯುತ್ತಿದ್ದ ನನ್ನನ್ನು ನೋಡಿ ಕಾಕಾ ನಕ್ಕೂ ನಕ್ಕೂ ಕೆಮ್ಮಿದರು. "ಯವ್ವಾ, ಒಂದ ಸಂಜೀಕ ಎರಡ ತವರ ಮಾಡಿಕೊಂಡ್ಯಲ್ಲ! ಇನ್ನ ಉಪಾಧ್ಯಕ್ಷರನ್ನೂ ಇಬ್ಬರನ್ನ ಮಾಡಬೇಕಾಕ್ಕೈತಿ."

"ನಗಬ್ಯಾಡ್ರಿ ಕಾಕಾ" ಎಂದು ರೇಗಿದೆ. "ತೂಕ ಹೇಳ್ರಿ."

ದಾರಿಯ ಮೇಲೇ ನಿಂತು ಅಂಗೈ ಚಾಚಿದರು. "ಗೌಡ್ರ ಕೊರತಿ, ಅವರು ಅಧ್ಯಕ್ಷರ ಜೋಡಿ ನಿಲ್ಲೂದಿಲ್ಲ, ಅಧ್ಯಕ್ಷರ ಮುಂದ ನಿಲ್ಲತಾರ. ಗುಣ, ಎರಡ ವೋಟು, ಧೈರ್ಯ. ಈರಣ್ಣನ ಕೊರತಿ, ಅವಗ ಎಲ್ಲಾರದೂ ಖರೇನ. ನೀ ಬಾವ್ಯಾಗ ಬೀಳ್ತೇನಿ ಅಂದರೂ ಆತ್ರಿ ಅಂತಾನ, ಹಗ್ಗ ಬ್ಯಾರೆ ಹಿಡಕೊಂಡ ಬರತಾನ. ಗುಣ, ಸಜ್ಜನ." ಎರಡೂ ಕೈ ಒಮ್ಮೆಲೇ ಕೆಳಗಿಳಿದವು. "ನಾಳೆ ಗಂಗವ್ವನ ಕಡೆ ಹೋಗೂಣು."

"ನಾ ಒಲ್ಲೆ" ಅಂದೆ.

ಯಾಕೆ ಅಂತ ಹೇಳಲೇಬೇಕು. ಎರಡು ವರ್ಷದ ಹಿಂದೆ ಮುಂಜಾನೆಯ ಸಾಲಿನಲ್ಲಿ, ಊರೆಲ್ಲ ನಿಂತಿರುವಾಗ, ಗಂಗವ್ವ ನನ್ನ ಕ್ಯಾನಿನಲ್ಲಿ ಇಣುಕಿ "ಅಕ್ಕಾರ, ಇದರಾಗ ನೀರ ಐತಿ, ಹೊಳ್ಳಿ ಒಯ್ರಿ" ಅಂದಿದ್ದಳು. ನಾನು ಆಡಬಾರದ್ದು ಆಡಿದೆ. ಅವಳೂ ಬಿಡಲಿಲ್ಲ. ಅವತ್ತಿನಿಂದ ಎದುರಿಗೆ ಬಂದರೆ ಇಬ್ಬರೂ ಓಣಿ ಬದಲಿಸುತ್ತಿದ್ದೆವು.

ಮರುದಿನ ಸಂಜೆ ಕಾಕಾ ನನ್ನನ್ನು ಅವಳ ಮನೆಯೊಳಗೆ ಕರೆದೊಯ್ಯಲಿಲ್ಲ. ಬೇಲಿಯ ಹೊರಗೆ ನಿಲ್ಲಿಸಿದರು. ಗಂಗವ್ವ ಹೊಲದ ಕೂಲಿಯಿಂದ ಆಗಷ್ಟೇ ಬಂದು ಕೈಕಾಲು ತೊಳೆದು ಎಮ್ಮೆಯ ಹತ್ತಿರ ಕೂತಿದ್ದಳು. ಅವತ್ತು ಹೋಟೆಲಿನವನೇ ಪಾತ್ರೆ ಹಿಡಿದು ಬಂದು ಕಾಯುತ್ತಿದ್ದ. ಅವಳು ಮೂರು ಮೊಲೆ ಹಿಂಡಿ ಎದ್ದಳು.

"ಇನ್ನೊಂದ ಉಳೀತಲ್ಲಬೇ" ಅಂದ ಅವನು. "ಹಿಂಡು. ಇವತ್ತ ಚಾ ಗಿರಾಕಿ ಬಾಳ ಅದಾರ."

"ಅದು ಕರುವಿಂದು."

"ನಾಳಿಂದ ನಿನ್ನ ಹಾಲ ಬ್ಯಾಡ ಅಂದ್ರ?"

"ಬ್ಯಾಡಾದ್ರ ಬಿಡು. ಇಲ್ಲ ಅಂದೆ, ಇಲ್ಲ." ಅವಳು ಅವನ ಮುಖವನ್ನೂ ನೋಡಲಿಲ್ಲ, ಕರುವನ್ನು ಬಿಚ್ಚಿದಳು. ಸಂಜೆಯ ಹಾಲಿಗೆ ಊರಿನಲ್ಲಿ ಇದ್ದವನು ಅವನೊಬ್ಬನೇ ಎಂಬುದು ನೆನಪಿರಲಿ.

ಕಾಕಾನ ಕಣ್ಣು ಹೊಳೆಯುತ್ತಿದ್ದವು. "ಕೇಳಿದ್ಯಾ?" ಅಂದರು, ಸಂತೆಯಲ್ಲಿ ಒಳ್ಳೆಯ ಎತ್ತು ಕಂಡವರ ಹಾಗೆ.

"ಕೊರತಿ ಹೇಳ್ರಿ ಮೊದಲು" ಎಂದೆ ನಾನು ಬಿಗಿದ ಮುಖದಲ್ಲಿ.

"ಒಂದ ವೋಟು, ಆಕೀದ. ನಾಲಿಗಿ ಕತ್ತಿ. ಓದಾಕ ತಡವರಸತಾಳ. ನಿನ್ನ ಕಂಡ್ರ ಆಗೂದಿಲ್ಲ."

"ಇಷ್ಟ ಸಾಲದೇನ್ರಿ? ನನ್ನ ಹಾಲಿಗೆ ನೀರಂದಾಕಿ ಆಕಿ."

ಕಾಕಾ ಮೆಲ್ಲಗೆ ಕೇಳಿದರು. "ಅವತ್ತ ನೀರ ಇತ್ತೋ, ಇಲ್ಲೋ?"

ಕ್ಯಾನು ತೊಳೆದು ನೀರು ಬಗ್ಗಿಸದೆ ಹಾಲು ಸುರಿದಿದ್ದೆ. ಅದು ನನಗೆ ಅವತ್ತೇ ಗೊತ್ತಿತ್ತು. ಎರಡು ವರ್ಷದ ನಂತರ ಬೇಲಿಯ ಪಕ್ಕ ನಿಂತು ಮೊದಲ ಸಲ ಹೇಳಿದೆ. "ಒಂದಿಷ್ಟ ಇತ್ರಿ."

"ಅದ ಆಕಿ ಗುಣ" ಅಂದರು.

ನನಗೆ ಸೋಲು ಒಪ್ಪಿಕೊಳ್ಳುವುದು ಎಂದೂ ಆಗದು. "ಆಕಿ ಯಾಕ್ರಿ? ನೀವ ಆಗ್ರಿ ಕಾಕಾ! ನಾಕ ಸಲ ಆದವರು. ನೀವು ಅಂದ್ರ ಗೌಡ್ರೂ ಬಾಯಿ ಮುಚ್ಚತಾರ, ಈರಣ್ಣನೂ ಮುಚ್ಚತಾನ. ಎರಡೂ ತವರ ಉಳೀತಾವು." ಎಂಥ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಾಕಾ ಅಲ್ಲೇ ದಾರಿಬದಿಯ ಕಲ್ಲಿನ ಮೇಲೆ ಕೂತರು. ಅಂಗೈ ಚಾಚಿದರು, ಗೌಡರನ್ನು ತೂಗಿದ ಹಾಗೆಯೇ, ಈರಣ್ಣನನ್ನು ತೂಗಿದ ಹಾಗೆಯೇ. "ಬಾ, ನನ್ನೂ ತೂಗೂಣು. ಗುಣ: ಮಂದಿ ನಂಬತಾರ, ಜಗಳ ಆಡೂದಿಲ್ಲ, ಸಭಾಕ್ಕ ತಪ್ಪೂದಿಲ್ಲ." ಬಲಗೈ ಏರಿತು. ಮೊದಲ ಸಲ ಅವರು ಗುಣ ಮೊದಲು ಹೇಳಿದ್ದು. ಆಮೇಲೆ ಎಡಗೈ ಭಾರವಾಗಿ ಇಳಿದು ಮೊಣಕಾಲಿನ ಮೇಲೆ ಕೂತಿತು. "ಕೊರತಿ ಒಂದ ಐತಿ. ನನಗ ಹೂಂ ಅನ್ನೂದೊಂದ ಬರತೈತಿ."

"ಸಂಜೀ ಡೇರಿ ಮುಚ್ಚೂ ದಿವಸ ನಾನ ಉಪಾಧ್ಯಕ್ಷ, ಯವ್ವಾ. ಅಧ್ಯಕ್ಷರು ಮುಚ್ಚೂಣು ಅಂದ್ರು. ತಪ್ಪು ಅಂತ ನನಗ ಗೊತ್ತಿತ್ತು. ಮೂರ ಸಲ ಟೋಪಿ ತಗದೆ. ಟೋಪಿ ನೋಡಿ ಯಾರು ಠರಾವು ನಿಲ್ಲಸತಾರ? ಕಡೀಕ ಅವರು ನನ್ನ ಕಡೆ ನೋಡಿದ್ರು, ನಾ ಹೂಂ ಅಂದೆ. ನಾ ಇಲ್ಲ ಅಂದಿದ್ದರ ಇನ್ನೂ ನಾಕ ಮಂದಿ ಇಲ್ಲ ಅಂತಿದ್ರು, ನನ್ನ ಮುಖಾ ನೋಡಕೋತ ಕುಂತಿದ್ರು." ಮೊಣಕಾಲಿನ ಮೇಲಿದ್ದ ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. "ನಿನಗ ಸಿಟ್ಟ ಬಾಳ. ಗೆದ್ದ ಮ್ಯಾಲ ನೀ ಅಂದದ್ದ ಸರಿ ಅಂತೀ. ನಿನ್ನ ಜೋಡಿ ನನ್ನಂಥಾವ ಕುಂತರ ಡೇರಿ ಹೋತು. ಇಲ್ಲ ಅನ್ನಾಕಿ ಬೇಕು ನಿನಗ."

ಊರಿಗೆಲ್ಲ ಬೇಕಾದ ಮನುಷ್ಯ ತನ್ನನ್ನು ತಾನೇ ತೂಗಿ ಕೆಳಗಿಟ್ಟದ್ದನ್ನು ಕಣ್ಣಾರೆ ಕಂಡೆ. ಅವತ್ತು ಅವರ ಮೇಲೆ ಹುಟ್ಟಿದ ಪ್ರೀತಿ ಇನ್ನೂ ಹಾಗೇ ಇದೆ.

"ಆದ್ರ ಉಡಿ?" ಅಂದೆ ಕೊನೆಗೆ. "ಗೌಡ್ರ ಎರಡ ವೋಟ ಇಲ್ದ ಆರು ಆಗೂದಿಲ್ರಿ."

ಕಾಕಾನ ಮುಖದಲ್ಲಿ ತುಂಟತನ ಮರಳಿ ಬಂತು. "ಹುಚ್ಚವ್ವಾ, ಉಡಿ ತುಂಬಿಸಿಕೊಂಡ ಮಗಳು ತವರಿಗೆ ಕೊಡತಾಳೋ, ತವರಿಂದ ಬೇಡತಾಳೋ? ಅವರು ನಿನ್ನ ಕಟ್ಟಿ ಹಾಕೇನಿ ಅಂತ ತಿಳಕೊಂಡಾರ. ಕಟ್ಟು ಬಿದ್ದವರು ಅವರು. ನಾಳೆ ಹೋಗಿ ಅಜ್ಜೀ ಮುಂದ ಕುಂತು ಬೇಡು."

ಆಹಾ! ನಾನು ದಾರಿಯಲ್ಲೇ ಚಪ್ಪಾಳೆ ಹೊಡೆದೆ. ಮರುದಿನ ಅದೇ ಹಸಿರು ಖಣದ ಕುಪ್ಪಸವನ್ನು ಮುಂಜಾನೆಯೇ ಹೊಲಿಸಿಕೊಂಡು, ತೊಟ್ಟುಕೊಂಡು, ಸಂಜೆ ಗೌಡರ ಮನೆಗೆ ಹೋದೆ. ಅಜ್ಜಿಯ ಕಾಲಿಗೆ ಬಿದ್ದು "ಯವ್ವಾ, ತವರಿಂದ ಒಂದ ಬೇಡಾಕ ಬಂದೇನ್ರಿ" ಅಂದೆ. ಗೌಡರು ಕಂಬಕ್ಕೆ ಒರಗಿ ನಿಂತಿದ್ದರು.

"ಬೇಡ ಮಗಳ."

"ಅಣ್ಣಾರ ವೋಟು, ಅಳಿಯಂದಿರ ವೋಟು, ಎರಡೂ ನನಗ ಬೇಕ್ರಿ. ಉಪಾಧ್ಯಕ್ಷಿ ಗಂಗವ್ವ."

ಗೌಡರು ಕಂಬ ಬಿಟ್ಟು ನೆಟ್ಟಗಾದರು. "ಅದೆಂಗ ಆಕ್ಕೈತ್ರಿ..."

ಅಜ್ಜಿ ಮಗನ ಕಡೆ ತಿರುಗಿ ನೋಡಿದ ನೋಟ ನಾನು ಸಾಯುವತನಕ ಮರೆಯೆ. "ಉಡಿ ತುಂಬೇನಿ. ತವರ ಮನೀಗೆ ಬಂದ ಮಗಳನ್ನ ಬರಗೈಲೆ ಕಳಸ್ತೀ ಏನ? ಹಂಗಾರ ನನ್ನ ಕೈಯಾಗ ಉಡಿ ತುಂಬೂ ತಟ್ಟಿ ಯಾಕ ಕೊಟ್ಟಿ?" ಗೌಡರು ಮಾತಾಡಲಿಲ್ಲ. ನಮ್ಮಲ್ಲಿ ತಾಯಿಯ ಮುಂದೆ ಮಾತಾಡದೆ ನಿಂತರೆ ಒಪ್ಪಿದ ಹಾಗೆಯೇ. ಈರಣ್ಣನ ಮನೆಯಲ್ಲಿ ಬೇಡಬೇಕಾಗಲೇ ಇಲ್ಲ. ಬಾಯಿ ತೆಗೆಯುವ ಮೊದಲೇ "ಆತ್ರಿ ಅಕ್ಕಾರ" ಅಂದ.

ಗಂಗವ್ವನನ್ನು ಒಪ್ಪಿಸಲು ಕಾಕಾ ಒಬ್ಬರೇ ಹೋದರು. ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರು ಎಂದು ನನಗೆ ಹೇಳಲಿಲ್ಲ, ಅವಳ ಉತ್ತರವನ್ನಷ್ಟೇ ತಂದರು. "ಸಹಿ ಮಾಡಾಕ ಬರತೈತಿ, ಎಲ್ಲಾದಕ್ಕೂ ಹೂಂ ಅನ್ನಾಕ ಬರೂದಿಲ್ಲ ಅಂತ ಅಕ್ಕಾರಿಗೆ ಹೇಳ್ರಿ" ಅಂದಳಂತೆ. ಆಮೇಲೆ ನಾನೇ ಅವಳ ಮನೆಗೆ ಹೋಗಿ, ಅವತ್ತು ಕ್ಯಾನಿನಲ್ಲಿ ನೀರಿತ್ತು ಅಂತ ಒಪ್ಪಿಕೊಂಡೆ. "ನನಗ ಗೊತ್ತೈತ್ರಿ" ಅಂದಳು, ಅಷ್ಟೇ. ಚಹಾ ಕೊಟ್ಟಳು.

ಚುನಾವಣೆಯ ದಿನ ಡೇರಿಯ ಮುಂದೆ ಜನವೋ ಜನ. ಲೋಕಸಭೆಗೂ ಅಷ್ಟು ಜನ ಸೇರಿರಲಿಲ್ಲ. ಹಾನಗಲ್ಲಿನಿಂದ ಬಂದ ಚುನಾವಣಾಧಿಕಾರಿ ಹಾಲಿನ ಕ್ಯಾನಿನ ಮುಚ್ಚಳವನ್ನೇ ಬೋರಲು ಹಾಕಿ ಅದರ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಒಳಗೆ ಹನ್ನೊಂದು ಜನ, ಕಿಟಕಿಯ ತುಂಬ ಮುಖಗಳು. ಚೀಟಿ ಬಿಚ್ಚಿದರು. ಒಂದು, ಎರಡು... ಐದು, ಆರು! ಕಿಟಕಿ ಕೂಗಿತು. ಏಳು! ಅಧ್ಯಕ್ಷ ಸ್ಥಾನಕ್ಕೆ ನನಗೆ ಏಳು, ಹಳೆಯ ಅಧ್ಯಕ್ಷರಿಗೆ ನಾಲ್ಕು. ಉಪಾಧ್ಯಕ್ಷ ಸ್ಥಾನದ ಚೀಟಿ ಬಿಚ್ಚುವಾಗ ಗಂಗವ್ವನಿಗೂ ಹಳೆಯ ಅಧ್ಯಕ್ಷರ ಕಡೆಯವರಿಗೂ ಐದು-ಐದಕ್ಕೆ ಬಂದು ನಿಂತಿತು. ಕೊನೆಯ ಚೀಟಿ ಮಡಿಕೆಯ ಮೇಲೆ ಮಡಿಕೆ. ಅಧಿಕಾರಿ ಬಿಚ್ಚುವ ತನಕ ಕಾಕಾ ಧೋತರದ ಚುಂಗು ಕಚ್ಚಿಕೊಂಡಿದ್ದರು. ಗಂಗವ್ವ! ಆರು ಐದು! ಏಳರಲ್ಲಿ ಜಾರಿದ ಆ ಒಂದು ಮತ ಯಾರದು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೌಡರು ಮಾತ್ರ ಒಂದು ವಾರ ನನ್ನ ಕಣ್ಣು ತಪ್ಪಿಸಿ ಓಡಾಡಿದರು. ಹೊರಗೆ ಹೆಂಗಸರು ಖಾಲಿ ಕ್ಯಾನು ಬಡಿದು ಊರನ್ನೇ ಎಬ್ಬಿಸಿದರು. ಕಾಕಾ ಟೋಪಿ ತೆಗೆದು ಮೇಲಕ್ಕೆ ಎಸೆದರು, ಅದು ಹೋಗಿ ಪಂಖದ ರೆಕ್ಕೆಗೆ ಸಿಕ್ಕಿಕೊಂಡಿತು!

ಮೊದಲ ಸಭೆ. ನಾನು ಠರಾವು ಓದಿದೆ: ಸೋಮವಾರದಿಂದ ಸಂಜೆಯ ಡೇರಿ, ಐದು ಗಂಟೆಗೆ. ಚಪ್ಪಾಳೆ ಬಂತು. ಗಂಗವ್ವ ಎದ್ದಳು.

"ಇಲ್ರಿ."

ಮೊದಲ ಸಭೆಯಲ್ಲೇ, ನನ್ನ ಠರಾವಿಗೇ! ನನ್ನ ಕಿವಿ ಬಿಸಿಯಾಯಿತು. "ಏನ ಇಲ್ಲ? ಡೇರಿ ಬ್ಯಾಡೇನು ನಿನಗ?"

"ಡೇರಿ ಬೇಕು. ಐದಕ್ಕ ಬ್ಯಾಡ. ಐದಕ್ಕ ನಾವು ಹೊಲದಾಗ ಇರತೇವಿ. ಬಂದು ಹಿಂಡೂದ್ರಾಗ ಆರೂವರಿ ಆಕ್ಕೈತಿ. ಐದಕ್ಕ ತಗದು ಮುಚ್ಚಿದ್ರ ನೀವು ಯಾರಿಗೆ ತಗದ್ರಿ?"

ಯಾವ ಹೆಂಗಸರಿಗಾಗಿ ಗಂಟಲು ಹರಿದುಕೊಂಡಿದ್ದೆನೋ ಅವರು ಹಿಂಡುವ ಹೊತ್ತು ಯಾವುದೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಕಾಕಾನ ಕಡೆ ನೋಡಿದೆ. ಹಿಂದಿನ ಸಾಲಿನಲ್ಲಿ ಬರೀ ನಿರ್ದೇಶಕರಾಗಿ ಕೂತು, ಬಸಿಯಲ್ಲಿ ಚಹಾ ಸುರಿದುಕೊಂಡು ನಗುತ್ತಿದ್ದರು. ಟೋಪಿ ತಲೆಯ ಮೇಲೇ ಇತ್ತು. ಐದು ಹೊಡೆದುಹಾಕಿ ಆರೂವರೆ ಎಂದು ಬರೆದೆ. ಆಮೇಲೆ ಗಂಗವ್ವ ಎಷ್ಟು ಸಲ ಇಲ್ಲ ಅಂದಳೋ ಲೆಕ್ಕವಿಲ್ಲ. ಪ್ರತಿ ಸಲ ನನಗೆ ಸಿಟ್ಟು ಬಂದಿದೆ. ಹೆಚ್ಚಿನ ಸಲ ಅವಳೇ ಸರಿ ಇದ್ದಳು ಅಂತ ಬರೆಯಲು ಈಗಲೂ ಕೈ ಹಿಂದೆಮುಂದೆ ನೋಡುತ್ತದೆ.

ಕಾಕಾ ಹೋದದ್ದು ಮುಂಜಾನೆ, ಹಾಲು ಕೊಟ್ಟು ಬಂದು ಮನೆಯ ಕಟ್ಟೆಯ ಮೇಲೆ ಕೂತಲ್ಲೇ. ಹಿರೇಕೆರೂರಿನಿಂದ ಮಗಳು ಬಂದ ಮೇಲೆ ಮಧ್ಯಾಹ್ನ ಅವರ ಹೊಲದಲ್ಲೇ ಮಣ್ಣು ಮಾಡಿದೆವು. ಹೊಲದಿಂದ ತಿರುಗಿ ಬರುವಾಗ ನಿರ್ದೇಶಕರೆಲ್ಲ ಜೊತೆಗಿದ್ದರು. ಅತ್ತೂ ಅತ್ತೂ ನನ್ನ ದನಿ ಒಡೆದಿತ್ತು. "ಇವತ್ತ ಸಂಜೀ ಡೇರಿ ಮುಚ್ಚೂಣು" ಅಂದೆ. "ಕಾಕಾರ ಗೌರವಕ್ಕ."

ಗೌಡರು ಹೂಂ ಅಂದರು. ಈರಣ್ಣ ಹೂಂ ಅಂದ. ಎಲ್ಲರೂ ತಲೆಯಾಡಿಸಿದರು.

"ಇಲ್ಲ" ಅಂದಳು ಗಂಗವ್ವ.

ಅವಳ ಕಣ್ಣೂ ಕೆಂಪಾಗಿದ್ದವು. ಸೆರಗಿನಿಂದ ಒರೆಸಿಕೊಂಡಳು. "ನನಗ ಉಪಾಧ್ಯಕ್ಷಿ ಸ್ಥಾನಕ್ಕ ನಿಲ್ಲು ಅನ್ನಾಕ ಬಂದ ದಿವಸ ಕಾಕಾ ನನ್ನ ಮುಂದ ಅತ್ತಾರ್ರಿ. ಮುಚ್ಚಾಕ ಹೂಂ ಅಂದೆ ತಂಗಿ, ನಿಮ್ಮ ಹಾಲು ನಾ ಚೆಲ್ಲಿದೆ ಅಂದ್ರು. ಒಮ್ಮೆ ಅವರ ಹೂಂ ತಗೊಂಡ ಮುಚ್ಚಿದ್ರಿ. ಈಗ ಅವರ ಹೆಸರ ತಗೊಂಡ ಮುಚ್ಚಬ್ಯಾಡ್ರಿ."

ಅಧ್ಯಕ್ಷೆಯಾಗಿ ಮೊದಲ ಸಲ ಸಿಟ್ಟಿಲ್ಲದೆ, ವಾದವಿಲ್ಲದೆ, "ಹೂಂ" ಅಂದೆ.

ಆರೂವರೆಗೆ ಡೇರಿ ತೆರೆಯಿತು. ಹೆಂಗಸರು ಒಬ್ಬೊಬ್ಬರೇ ಬಂದು ಸಾಲಿನಲ್ಲಿ ನಿಂತರು. ಕೊನೆಗೆ ಗಂಗವ್ವ ಬಂದಳು. ಅವಳ ಎರಡೂ ಕೈಯಲ್ಲಿ ಕ್ಯಾನು. ಒಂದನ್ನು ಮುಂದಿಟ್ಟಳು, ಅಳೆದಾಯಿತು. ಇನ್ನೊಂದನ್ನು ಇಟ್ಟಳು.

"ಇದು ಯಾರದ್ರಿ?" ಸೆಕ್ರೆಟರಿ ಪೆನ್ನು ಹಿಡಿದು ಕೇಳಿದರು. "ಯಾರ ಹೆಸರ ಬರೀಲಿ?"

"ಆಕಳ ಒದರಾಕತ್ತಿತ್ತು, ನಾನ ಹೋಗಿ ಹಿಂಡಿಕೊಂಡ ಬಂದೆ. ಕರುವಿಗೆ ಒಂದ ಮೊಲಿ ಬಿಟ್ಟೇನಿ" ಅಂದಳು ನಮ್ಮ ಉಪಾಧ್ಯಕ್ಷೆ. "ಬರಕೋರಿ, ಉಪಾಧ್ಯಕ್ಷರದು."